ಮಿರಗ ಕೂಡುವ ತನಕ

ಏಪ್ರಿಲ್ ಎರಡನೆಯ ವಾರ, ಸಾಲಿಗೆ ಸೂಟಿ ಬಿಟ್ಟ ಮರುದಿನ, ಮುಂಜಾನೆ ಆರೂವರೆ. ಭಾಲ್ಕಿ ತಾಲ್ಲೂಕಿನ ಖಟಕ ಚಿಂಚೋಳಿಯ ಹೊಲವೊಂದರ ಬಾವಿಕಟ್ಟೆಯ ಮುಂದೆ ಐದನೆತ್ತಿ ಮುಗಿಸಿದ ಹುಡುಗಿ, ಅವಳ ಮುತ್ಯಾ ಮತ್ತು ನಾನು ನಿಂತಿದ್ದೆವು. ಹುಡುಗಿಯ ಕೈಯಲ್ಲಿ ಪುಂಡಿ ನಾರಿನ ಹಗ್ಗ. ಮುತ್ಯಾ ತಮ್ಮ ಕೈಯಿಂದಲೇ ಅಳೆದು, ಮೊಳಕ್ಕೊಂದು ಗಂಟು ಹಾಕಿ, ಹಿಂದಿನ ರಾತ್ರಿಯೇ ತಯಾರು ಮಾಡಿಟ್ಟಿದ್ದ ಹಗ್ಗ. ತುದಿಗೆ ನಾಲ್ಕು ಹರಳು ತುಂಬಿದ ತಗಡಿನ ಡಬ್ಬಿ. ಮುತ್ಯಾ ಅವಳ ಭುಜ ಬಿಗಿಯಾಗಿ ಹಿಡಿದರು, ಅವಳು ಹಗ್ಗ ಇಳಿಬಿಟ್ಟಳು. ಡಬ್ಬಿ ಗೋಡೆಯ ಕಲ್ಲಿಗೆ ಎರಡು ಸಲ ತಾಗಿ ಖಣ್ ಎಂದಿತು. ಆಮೇಲೆ ಕೆಳಗಿನಿಂದ ‘ಗುಳುಕ್’ ಎಂಬ ಸದ್ದು. ಕಟ್ಟೆಯ ಅಂಚಿಗೆ ಬಂದ ಕಡೆ ಹಗ್ಗ ಚಿವುಟಿ ಹಿಡಿದು, ಮೇಲೆಳೆಯುತ್ತ ಗಂಟು ಎಣಿಸಿದಳು.

“ಹದಿನಾಲ್ಕು. ಹ್ವಾದ ವರ್ಷ ಇದೇ ಟೈಮಿಗಿ ಎಷ್ಟಿತ್ತು ಮುತ್ಯಾ?”

“ಯಾರ್ ಅಳದಾರವ್ವಾ? ಕೊಡ ಮುಳುಗ್ತಿತ್ತು, ಅಷ್ಟೇ ಗೊತ್ತು.”

ಮೂವತ್ತು ವರ್ಷ ಇದೇ ಬಾವಿಯ ನೀರಿನಿಂದ ಹೊಲ ಮಾಡಿದ ಮನುಷ್ಯ ಅವರು. ಬಾವಿ ತೋಡುವಾಗ ಎಷ್ಟು ಮೊಳಕ್ಕೆ ಮುರುಮ ಬಂತು, ಎಷ್ಟಕ್ಕೆ ಕರಿಕಲ್ಲು ಹತ್ತಿತು ಎಂಬುದು ಅವರಿಗೆ ಇಂದಿಗೂ ಬಾಯಿಪಾಠ. ಆದರೆ ಬೇಸಿಗೆಯಲ್ಲಿ ನೀರು ವಾರಕ್ಕೆಷ್ಟು ಇಳಿಯುತ್ತದೆ ಎಂಬ ಲೆಕ್ಕ ಯಾರ ಬಳಿಯೂ ಇರಲಿಲ್ಲ. ಆ ಲೆಕ್ಕವನ್ನು ಆ ಸೂಟಿಯಲ್ಲಿ ಒಬ್ಬ ಹುಡುಗಿ ಬರೆಯಬೇಕು ಎಂಬುದೇ ನನ್ನ ಆಸೆಯಾಗಿತ್ತು.

ಈ ತಾಲ್ಲೂಕಿನ ಸಾಲಿಗಳಲ್ಲಿ ಬಹುಕಾಲ ಪಾಠ ಮಾಡಿದ ಮೇಲೆ ನನಗೆ ಗಟ್ಟಿಯಾದ ಮಾತು ಒಂದಿದೆ. ಬೀದರ್ ಸೀಮೆಯಲ್ಲಿ ಪರಿಸರ ಕಲಿಸಲು ಬೇಸಿಗೆಯಂಥ ಕಾಲ ಬೇರೊಂದಿಲ್ಲ. ಮಳೆಗಾಲದಲ್ಲಿ ಎರೆಹೊಲಕ್ಕೆ ಕಾಲಿಡುವಂತಿಲ್ಲ, ಹೆಜ್ಜೆಗೆ ಎರಡು ಸೇರು ಕೆಸರು ಹತ್ತುತ್ತದೆ. ಚಳಿಗಾಲದಲ್ಲಿ ತೊಗರಿ, ಕಡಲೆ, ಜೋಳ ನೆಲವನ್ನು ಮುಚ್ಚಿರುತ್ತವೆ. ರಾಶಿ ಮುಗಿದ ಮೇಲೆ ಮಾತ್ರ ನೆಲ ತನ್ನ ಒಳಗನ್ನು ತೋರಿಸುತ್ತದೆ. ಬಾವಿಯ ತಳ ಕಾಣುತ್ತದೆ, ನಾಲೆಯ ಕಲ್ಲು ಕಾಣುತ್ತದೆ, ಎಲೆ ಉದುರಿದ ಕೊಂಬೆಯಲ್ಲಿ ಗೂಡು ಕಾಣುತ್ತದೆ. ಅಷ್ಟೇ ಅಲ್ಲ, ಈಗ ಕಲಿತದ್ದು ಏಳೆಂಟು ವಾರದಲ್ಲಿ ಮಿರಗ (ಮೃಗಶಿರಾ ಮಳೆ) ಕೂಡಿದಾಗ ಮನೆಯ ಬಿತ್ತನೆಗೆ ಕೆಲಸಕ್ಕೆ ಬರುತ್ತದೆ. ಮಗು ಮಾಡಿದ ಕೆಲಸ ಗೋಡೆಗೆ ಅಂಟಿಸುವ ಚಿತ್ರವಾಗಿ ಉಳಿಯದೆ ಮನೆಯ ನಿರ್ಧಾರದಲ್ಲಿ ಸೇರಿಕೊಂಡರೆ ಅದು ಕಲಿಕೆ.

ಎಲ್ಲ ಹಂತದ ಶಿಕ್ಷಣದಲ್ಲೂ ಪರಿಸರ ಪಾಠ ಇರಬೇಕು ಎಂದು ಎಂ.ಸಿ. ಮೆಹ್ತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು 1991ರ ನವೆಂಬರಿನಲ್ಲಿ. ಆಮೇಲೆ ಪಾಠಪುಸ್ತಕ ಬಂತು, ಹಸಿರು ಪಡೆ ಬಂತು, ಭಿತ್ತಿಪತ್ರ ಬಂತು. ಬಂದದ್ದೆಲ್ಲ ಒಳ್ಳೆಯದೇ. ಆದರೆ ಮಳೆಕಾಡಿನ ಚಿತ್ರಕ್ಕೆ ಬಣ್ಣ ತುಂಬಿದ ಮಗು ತನ್ನ ಹಿತ್ತಲಿನ ಮಣ್ಣಿಗೆ ಒಂದು ಲೋಟ ನೀರು ಹೊಯ್ದು ನೋಡಿರುವುದಿಲ್ಲ. ಸೂಟಿಯ ಏಳು ವಾರ ಇರುವುದು ಇದಕ್ಕೇ.

ನಕ್ಷತ್ರದ ಪಂಚಾಂಗ, ನಲವತ್ತು ಪುಟದ ವಹಿ

ಬೇಸಿಗೆ ಶಿಬಿರಕ್ಕೆ ವೇಳಾಪಟ್ಟಿ ಎಲ್ಲಿಂದ ತರುವುದು ಎಂದು ಶಿಕ್ಷಕರು ಕೇಳುತ್ತಾರೆ. ಅದು ನಮ್ಮ ಗೋಡೆಯ ಕ್ಯಾಲೆಂಡರಿನಲ್ಲೇ ಇದೆ. ವರ್ಷವನ್ನು 27 ನಕ್ಷತ್ರಗಳಿಗೆ ಹಂಚಿದರೆ ಒಂದಕ್ಕೆ ಹದಿಮೂರು-ಹದಿನಾಲ್ಕು ದಿನ. ಅಶ್ವಿನಿ ಏಪ್ರಿಲ್ ಮಧ್ಯಕ್ಕೆ, ಭರಣಿ ಏಪ್ರಿಲ್ ಕೊನೆಗೆ, ಕೃತ್ತಿಕಾ ಮೇ 11ರ ಸುಮಾರಿಗೆ, ರೋಹಿಣಿ ಮೇ 25ಕ್ಕೆ, ಮಿರಗ ಜೂನ್ 7 ಅಥವಾ 8ಕ್ಕೆ. ಸೂಟಿ ಪೂರ್ತಿ ಮಿರಗದ ಮುಂಚಿನ ನಾಲ್ಕು ನಕ್ಷತ್ರದೊಳಗೆ ಕೂತುಬಿಡುತ್ತದೆ. ಹುಡುಗಿಯ ವಹಿಯಲ್ಲಿ ಒಂದೊಂದು ನಕ್ಷತ್ರಕ್ಕೆ ಹತ್ತು ಪುಟ ಬಿಟ್ಟೆವು. ಪುಟದ ತಲೆಯ ಮೇಲೆ ಆ ನಕ್ಷತ್ರದ ಬಗ್ಗೆ ಅವಳ ಆಯಿ ಹೇಳಿದ ಮಾತು, ಕೆಳಗೆ ತಾನು ಕಂಡದ್ದು. ಆಯಿಯ ಮಾತು ಸುಳ್ಳಾದರೆ ಹಾಗಂತ ಬರೆಯಬೇಕು, ನಿಜವಾದರೂ ಬರೆಯಬೇಕು. ವಿಜ್ಞಾನದ ಮೊದಲ ಪಾಠ ನನಗೆ ಇದಕ್ಕಿಂತ ಸರಳವಾಗಿ ಗೊತ್ತಿಲ್ಲ.

ಹೊತ್ತಿನ ಬಗ್ಗೆ ಒಂದು ಕಟ್ಟುನಿಟ್ಟು. ಹೊರಗಿನ ಕೆಲಸವೆಲ್ಲ ಮುಂಜಾನೆ ಆರರಿಂದ ಎಂಟೂವರೆಯೊಳಗೆ ಮುಗಿಯಬೇಕು. ಮೇ ತಿಂಗಳ ನಮ್ಮ ಬಿಸಿಲು ಮಕ್ಕಳ ಜೊತೆ ಆಟ ಆಡುವಂಥದ್ದಲ್ಲ. ಮಜ್ಜಿಗೆಯೋ ಅಂಬಲಿಯೋ ಕುಡಿದೇ ಹೊರಡಬೇಕು, ತಲೆಗೆ ಟವೆಲ್ ಬೇಕು. ಬಾವಿಯ ಹತ್ತಿರ ದೊಡ್ಡವರಿಲ್ಲದೆ ಹೋಗುವ ಮಾತೇ ಇಲ್ಲ. ಕಟ್ಟೆಯಿಲ್ಲದ ಬಾವಿಯನ್ನು ದೊಡ್ಡವರೇ ಅಳೆಯಲಿ, ಮಗು ದೂರ ನಿಂತು ಗಂಟು ಎಣಿಸಲಿ. ಬೇಸಿಗೆ ಬಂತೆಂದರೆ ಈಜಲು ಹೋದ ಮಕ್ಕಳ ಸುದ್ದಿ ಪೇಪರಿನಲ್ಲಿ ಓದಿ ಓದಿ ಎದೆ ಒಡೆದಿದೆ.

ಬಾವಿ ಅಳೆಯುವ ದಿನ ಭಾನುವಾರ, ಪಂಪ್ ಹಚ್ಚುವ ಮೊದಲು. ಒಂದು ವಾರ ಮುಂಜಾನೆ, ಇನ್ನೊಂದು ವಾರ ಸಂಜೆ ಅಳೆದರೆ ಲೆಕ್ಕ ತಪ್ಪುತ್ತದೆ. ಕೇಂದ್ರ ಅಂತರ್ಜಲ ಮಂಡಳಿಯವರೂ ದೇಶದ ಸಾವಿರಾರು ಬಾವಿಗಳಲ್ಲಿ ಮಾಡುವುದು ಇದನ್ನೇ, ವರ್ಷಕ್ಕೆ ನಾಲ್ಕು ಸಲ. ಮಳೆಗಾಲದ ಮುಂಚಿನ ಅಳತೆ ಅವರಿಗೂ ಬಹಳ ಮುಖ್ಯ. ಹದಿನಾಲ್ಕು ಗಂಟು ಮೇ ಮೊದಲ ವಾರ ಹದಿನೈದೂವರೆ ಆಯಿತು. ಅಡುಗೆಮನೆಯ ಗೋಡೆಯ ಮೇಲೆ ಇದ್ದಿಲಿನಿಂದ ಎಳೆದ ಗೆರೆ ಇಳಿಯುತ್ತ ಹೋಯಿತು. ಆ ಗೆರೆ ನೋಡಿಯೇ ಅವಳಪ್ಪ ಕಬ್ಬು ಹಚ್ಚುವ ಮಾತು ಬಿಟ್ಟರು ಎಂದು ನಾನು ಹೇಳಲಾರೆ. ಆದರೆ ದಿನಾಲೂ ಅದರ ಮುಂದೆ ನಿಂತು ಚಹಾ ಕುಡಿಯುತ್ತಿದ್ದರು.

“ನೀರ್ ಎಲ್ಲಿಗಿ ಹ್ವಾದ್ವು ಮುತ್ಯಾ?” ಎಂದು ಅವಳು ಕೇಳಿದಾಗ ಮುತ್ಯಾ ಕೈಯೆತ್ತಿ ಸುತ್ತಲಿನ ಹೊಲದ ಬೋರುಗಳನ್ನು ಒಂದೊಂದಾಗಿ ತೋರಿಸಿದರು. ಏನೂ ಮಾತಾಡಲಿಲ್ಲ. ಅವಳು ಹನ್ನೊಂದು ಎಣಿಸಿ ವಹಿಯಲ್ಲಿ ಬರೆದುಕೊಂಡಳು.

ಜೋಳದ ದಂಟು ಮುಳುಗುವ ಬಿರುಕು

ಭರಣಿಯ ಹೊತ್ತಿಗೆ ಎರೆಹೊಲ ಬಾಯಿಬಿಟ್ಟಿರುತ್ತದೆ. ಒಂದು ಒಣ ಜೋಳದ ದಂಟು ತೆಗೆದುಕೊಂಡು ಬಿರುಕಿನೊಳಗೆ ಮೆಲ್ಲಗೆ ಇಳಿಸಬೇಕು. ತಳ ತಾಗಿದ ಕಡೆ ಉಗುರಿನಿಂದ ಗುರುತು ಮಾಡಿ ಹೊರಗೆಳೆದು ಸ್ಕೇಲಿಗೆ ಹಿಡಿಯಬೇಕು. ಹುಡುಗಿಯ ಮೊದಲ ಬಿರುಕು 41 ಸೆಂಟಿಮೀಟರ್. ಎರಡನೆಯದಕ್ಕೆ ದಂಟು ಪೂರ್ತಿ ಮುಳುಗಿತು, ಅವಳ ಬೆರಳೂ ಒಳಗೆ ಹೋಯಿತು. “ಒಳಗ ತಣ್ಣಗದ ಸರ್!” ಎಂದು ಕೂಗಿದಳು. ಬೆರಳಿನ ಆ ತಂಪು ಯಾವ ಪಾಠಪುಸ್ತಕದಲ್ಲೂ ಇಲ್ಲ. ಬಿರುಕಿನಿಂದ ಒಂದು ಜೇಡ ಹತ್ತಿ ಬಂತು, ಅದನ್ನೂ ಬರೆದುಕೊಂಡೆವು.

ಎರೆಮಣ್ಣಿನ ಜೇಡಿ ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಕುಗ್ಗಿದ ಹೊಲಕ್ಕೆ ಒಡೆಯದೆ ಬೇರೆ ದಾರಿಯಿಲ್ಲ. ಮೇಲಿನ ಪುಡಿಮಣ್ಣು ಬಿರುಕಿನೊಳಗೆ ಬೀಳುತ್ತದೆ, ಮಳೆ ಬಂದಾಗ ಬಿರುಕು ಮುಚ್ಚುತ್ತದೆ. ಹೀಗೆ ವರ್ಷವರ್ಷವೂ ಮೇಲಿನ ಮಣ್ಣು ಕೆಳಗೆ ಹೋಗುತ್ತ ಹೊಲ ತನ್ನನ್ನು ತಾನೇ ತಿರುವಿ ಹಾಕಿಕೊಳ್ಳುತ್ತದೆ. ಮಕ್ಕಳಿಗೆ ಇದನ್ನು ಹೇಳುವ ಮುಂಚೆ ಅಂಗೈಯಲ್ಲಿ ಹಸಿ ಎರೆಮಣ್ಣಿನ ಉಂಡೆ ಮಾಡಿಸಿ, ನೂಲಿನಿಂದ ಸುತ್ತಳತೆ ತೆಗೆಸಿ, ಮೂರು ದಿನ ಮಾಳಿಗೆ ಮೇಲೆ ಒಣಗಿಸಿ ಮತ್ತೆ ಅಳೆಸಿ. ನೂಲು ಸಡಿಲಾದದ್ದನ್ನು ನೋಡಿದ ಮಗುವಿಗೆ ಬಿರುಕನ್ನು ವಿವರಿಸಬೇಕಾಗಿಲ್ಲ.

ಈ ಬಿರುಕಿನ ಪಾಠದಿಂದಲೇ ನನ್ನದೊಂದು ಹಳೆಯ ತಪ್ಪು ಅರ್ಥವಾಯಿತು. ಜೂನ್ 5 ವಿಶ್ವ ಪರಿಸರ ದಿನ. 1973ರಿಂದ ಜಗತ್ತೆಲ್ಲ ಆಚರಿಸುವ ದಿನ. ನಾನು ಪಾಠ ಮಾಡುತ್ತಿದ್ದ ಒಂದು ಸಾಲಿಯಲ್ಲಿ ವರ್ಷವೂ ಅಂದು ಸಸಿ ನೆಡುತ್ತಿದ್ದೆವು. ಒಂದು ವರ್ಷ ಹದಿನೆಂಟು ಸಸಿ ನೆಟ್ಟು ಫೋಟೊ ತೆಗೆಸಿದೆವು. ದೀಪಾವಳಿಗೆ ಉಳಿದವು ಮೂರು. ಜೂನ್ 5 ನಮ್ಮಲ್ಲಿ ರೋಹಿಣಿಯ ಕೊನೆ. ನೆಲ ಇನ್ನೂ ಕಾದಿರುತ್ತದೆ, ಗುಂಡಿಗೆ ಹಾಕಿದ ಒಂದು ಕೊಡ ನೀರು ಪಕ್ಕದ ಬಿರುಕಿನಲ್ಲಿ ಹರಿದುಹೋಗುತ್ತದೆ. ಕುಗ್ಗುವ ಮಣ್ಣು ಎಳೆಬೇರನ್ನು ಹರಿಯುತ್ತದೆ. ಆ ದಿನಕ್ಕೆ ಬೇರೆ ಕೆಲಸ ಇಟ್ಟುಕೊಳ್ಳಿ ಎಂದು ಎಲ್ಲ ಶಿಕ್ಷಕರಲ್ಲಿ ಕೈಮುಗಿದು ಕೇಳುತ್ತೇನೆ. ಗುಂಡಿ ತೋಡಿರಿ, ಬೀಜ ಎಣಿಸಿರಿ. ಎರಡು ಹದವಾದ ಮಳೆ ಬಿದ್ದ ಮೇಲೆ ಸಸಿ ನೆಡಿರಿ. ಆ ಹೊತ್ತಿಗೆ ಬೇವಿನ ಮರದ ಕೆಳಗೆ ಹಳದಿ ಹಣ್ಣು ಉದುರಿ ಬಿದ್ದಿರುತ್ತವೆ. ಬೇವಿನ ಬೀಜದ ಜೀವ ಕೆಲವೇ ವಾರದ್ದು, ಡಬ್ಬಿಯಲ್ಲಿಟ್ಟು ಮುಂದಿನ ವರ್ಷಕ್ಕೆ ಬಿತ್ತಿದರೆ ಹುಟ್ಟುವುದಿಲ್ಲ. ತಿರುಳು ತೊಳೆದು ಆ ವಾರವೇ ಹಾಲಿನ ಪಾಕೀಟಿನಲ್ಲಿ ಊರಬೇಕು. ಹುಣಸೆಬೀಜ ಹಾಗಲ್ಲ, ಕಾಯುತ್ತದೆ. ಒಂದು ರಾತ್ರಿ ನೀರಲ್ಲಿ ನೆನೆಸಿದರೆ ಸಾಕು.

ಹುಣಸೆ ಎಂದಾಗ ನೆನಪಾಯಿತು. ಚಿಂಚ ಎಂದರೆ ಮರಾಠಿಯಲ್ಲಿ ಹುಣಸೆ. ನಮ್ಮ ಊರಿನ ಹೆಸರಿನೊಳಗೇ ಆ ಮರ ಕೇಳಿಸುತ್ತದೆ. ವನ್ಯಧಾಮವಿರುವ ಚಿಂಚೋಳಿ ಕಲಬುರಗಿ ಜಿಲ್ಲೆಯದು, ಬಹಳ ಜನ ಎರಡನ್ನೂ ಒಂದೇ ಎಂದುಕೊಳ್ಳುತ್ತಾರೆ. ಊರಿನಲ್ಲಿ ಈಗ ಎಷ್ಟು ಹುಣಸೆಮರ ಉಳಿದಿವೆ ಎಂದು ಹುಡುಗಿಯೂ ಊರಿನ ಇತರ ಮಕ್ಕಳೂ ಓಣಿ ಓಣಿ ತಿರುಗಿ ಎಣಿಸಿದರು. ಮರಕ್ಕೊಂದು ನಂಬರು, ಎದೆಮಟ್ಟದಲ್ಲಿ ಸುತ್ತಳತೆ, ಮರದ ಒಡೆಯರಿಗೆ ಒಂದು ಪ್ರಶ್ನೆ: ಇದನ್ನು ಯಾರು ಹಚ್ಚಿದರು? ಉತ್ತರಗಳು ಕನ್ನಡದಲ್ಲಿ ಬಂದವು, ಮರಾಠಿಯಲ್ಲಿ ಬಂದವು, ಉರ್ದುವಿನಲ್ಲಿ ಬಂದವು. ಹುಣಸೆ, ಚಿಂಚ, ಇಮ್ಲಿ ಮೂರನ್ನೂ ಮಕ್ಕಳು ಸಾಲಾಗಿ ಬರೆದರು. ತೆಲುಗು ಬಲ್ಲ ಹುಡುಗನೊಬ್ಬ ಚಿಂತ ಎಂದು ನಾಲ್ಕನೆಯದನ್ನು ಸೇರಿಸಿದ. ಗಡಿಸೀಮೆಯ ಮಕ್ಕಳಿಗೆ ಈ ಸಿರಿ ಹುಟ್ಟಿನಿಂದಲೇ ಬಂದದ್ದು, ಪಾಠದಲ್ಲಿ ಅದನ್ನು ಬಳಸದೆ ಬಿಡುವುದು ನಷ್ಟ.

ಮೇ ತಿಂಗಳಲ್ಲೂ ಹರಿಯುವ ನೀರು

ಕೃತ್ತಿಕಾದಲ್ಲಿ ಒಂದು ದಿನ ಮಕ್ಕಳ ಜೊತೆ ಭಾಲ್ಕಿಯಿಂದ ರೈಲು ಹತ್ತಿ ಬೀದರಿಗೆ ಹೋದೆವು. ಕೋಟೆ ನೋಡಲು ಯಾರಾದರೂ ಕರೆದೊಯ್ಯುತ್ತಾರೆ, ನಾವು ಹೋದದ್ದು ನೀರು ನೋಡಲು. ಗುರುನಾನಕ್ ಝೀರಾದಲ್ಲಿ, ಪಾಪನಾಶದಲ್ಲಿ, ನರಸಿಂಹ ಝರಣಿಯಲ್ಲಿ ಇಂಥ ಬಿಸಿಲಲ್ಲೂ ನೀರು. ಸಿಖ್ಖರಿಗೆ ಝೀರಾ ಗುರುವಿನ ಪಾದ ತಾಗಿ ಚಿಮ್ಮಿದ ಒರತೆ, ಪಾಪನಾಶದಲ್ಲಿ ಶಿವನ ಸನ್ನಿಧಿ, ಝರಣಿಯಲ್ಲಿ ನರಸಿಂಹನ ಗುಹೆ. ಮೂರೂ ಕಡೆ ಭಕ್ತರ ಜೊತೆ ನಾವೂ ಕೈಮುಗಿದೆವು. ಕೈಮುಗಿದ ಮೇಲೆ ಕೇಳುವ ಪ್ರಶ್ನೆ ಒಂದೇ: ಈ ನೀರು ಎಲ್ಲಿಂದ ಬಂತು?

ರಸ್ತೆ ಬದಿಯಿಂದ ಎರಡು ಕಲ್ಲು ಹೆಕ್ಕಿದೆವು. ಒಂದು ಕೆಂಪು ಜಂಬಿಟ್ಟಿಗೆ, ಇನ್ನೊಂದು ಕರಿಕಲ್ಲು. ಎರಡರ ಮೇಲೂ ಬಾಟಲಿಯಿಂದ ನೀರು ಹೊಯ್ದರು ಮಕ್ಕಳು. ಕರಿಕಲ್ಲು ಮುಖ ತೊಳೆದುಕೊಂಡು ಹೊಳೆಯಿತು, ನೀರೆಲ್ಲ ಜಾರಿ ಹೋಯಿತು. ಜಂಬಿಟ್ಟಿಗೆಯ ಸಣ್ಣ ಸಣ್ಣ ಕಣ್ಣುಗಳಲ್ಲಿ ನೀರು ಇಳಿದು ಕಾಣೆಯಾಯಿತು. ಬೀದರ್ ನಿಂತಿರುವುದು ಇಂಥ ಜಂಬಿಟ್ಟಿಗೆಯ ದಪ್ಪ ಹಾಸಿನ ಮೇಲೆ, ಅದರ ಕೆಳಗೆ ಕರಿಕಲ್ಲು. ಮಳೆಯ ನೀರು ಕೆಂಪುಕಲ್ಲಿನಲ್ಲಿ ಇಂಗಿ ಇಳಿಯುತ್ತದೆ, ಕರಿಕಲ್ಲಿನ ಮೇಲೆ ತಡೆದು ನಿಲ್ಲುತ್ತದೆ, ಗುಡ್ಡದ ಅಂಚಿನಲ್ಲಿ ದಾರಿ ಸಿಕ್ಕ ಕಡೆ ಒರತೆಯಾಗಿ ಹೊರಬೀಳುತ್ತದೆ. ಅಂಗೈ ಮೇಲಿನ ಎರಡು ಕಲ್ಲಿನಲ್ಲಿ ಇಡೀ ಊರಿನ ನೀರಿನ ಕತೆ ಇತ್ತು.

ಬಹಮನಿ ಸುಲ್ತಾನರ ಕಾಲದ ಜನ ಇದನ್ನು ಕಂಡುಕೊಂಡಿದ್ದರು. 15ನೆಯ ಶತಮಾನದಲ್ಲಿ ಪರ್ಷಿಯಾದ ಕನಾತ್ ಪದ್ಧತಿಯನ್ನು ಇಲ್ಲಿನ ಕಲ್ಲಿಗೆ ಹೊಂದಿಸಿ ನೌಬಾದ್, ಶುಕ್ಲತೀರ್ಥ, ಜಮುನಾ ಮೋರಿ ಕರೇಜ್‌ಗಳನ್ನು ಕೊರೆದರು. ಜನ ಸುರಂಗ ಬಾವಿ ಎನ್ನುತ್ತಾರೆ. ನೆಲದಡಿಯ ಸುರಂಗಕ್ಕೆ ಕಣ್ಣಿಗೆ ಕಾಣದಷ್ಟು ಇಳಿಜಾರು. ಅಷ್ಟೇ ಸಾಕು, ರಾಟೆ ಇಲ್ಲದೆ, ಎತ್ತು ಇಲ್ಲದೆ ನೀರು ತಾನಾಗಿ ಹರಿದು ಬರುತ್ತದೆ. ನಡುನಡುವೆ ಗಾಳಿಬಾವಿಗಳು. ತೋಡಿದ ಮಣ್ಣು ಮೇಲೆತ್ತಲು, ಒಳಗಿನವರು ಉಸಿರಾಡಲು, ಮುಂದೆ ಹೂಳು ತೆಗೆಯಲು. ನೌಬಾದಿನದಕ್ಕೆ ಇಂಥವು ಇಪ್ಪತ್ತಕ್ಕೂ ಹೆಚ್ಚು. ಕಳೆದ ದಶಕದಲ್ಲಿ ಹೂಳೆತ್ತುವ ಮುಂಚೆ ಅನೇಕವು ಕಸದಿಂದ ತುಂಬಿಹೋಗಿದ್ದವು. ಮೇಲೆ ನಿಂತು ಜಾಲರಿಯಿಂದ ಇಣುಕಿದರೆ ಸಾಕು, ಮಕ್ಕಳನ್ನು ಸುರಂಗದೊಳಗೆ ಇಳಿಸುವುದು ಬೇಡ.

ಮರಳಿ ಬರುವಾಗ ರೈಲಿನಲ್ಲಿ ಹುಡುಗಿ ಕೇಳಿದಳು: “ನಮ್ ಹೊಲದಾಗ ಯಾಕ ಝರಾ ಇಲ್ಲ ಸರ್?” ನಾನು ಹೇಳುವ ಮೊದಲೇ ಪಕ್ಕದ ಹುಡುಗ, “ನಮ್ದು ಬರೇ ಕರಿಕಲ್ ಅದಲ್ಲ” ಎಂದ.

ಇಂಥ ತಿರುಗಾಟಕ್ಕೆ ದುಡ್ಡಿಲ್ಲದಿದ್ದರೆ ಹತ್ತಿರದ ಉದ್ಯೋಗ ಖಾತ್ರಿ ಕೆಲಸದ ಜಾಗವಾದರೂ ಆದೀತು. ಬೇಸಿಗೆಯಲ್ಲಿ ಕೃಷಿಹೊಂಡ, ಬದು, ನಾಲಾ ಹೂಳಿನ ಕೆಲಸ ನಡೆದಿರುತ್ತದೆ. ತೋಡಿದ ಹೊಂಡದ ಗೋಡೆಯಲ್ಲಿ ಮಣ್ಣಿನ ಪದರಗಳು ಕೊಯ್ದಿಟ್ಟಂತೆ ಕಾಣುತ್ತವೆ. ಅಲ್ಲಿ ಸನಿಕೆ ಹಿಡಿದ ತಾಯಿಯೇ ಮಗುವಿಗೆ ಪದರ ತೋರಿಸಿ ಹೆಸರು ಹೇಳಬಲ್ಲಳು. ಸೂಟಿಗೆ ಔರಾದ ಕಡೆ ಅಜ್ಜಿಮನೆಗೆ ಹೋಗುವ ಮಕ್ಕಳಿಗೆ ನಾನು ಕೊಟ್ಟ ಕೆಲಸ ದೇವಣಿ ದನಗಳ ಎಣಿಕೆ. ಮುಖದ ಪಕ್ಕ ಕಪ್ಪಿದ್ದರೆ ವಾನೇರಾ, ಮೈ ಬೆಳ್ಳಗಿದ್ದು ಹೊಟ್ಟೆಯಡಿ ಚುಕ್ಕೆಯಿದ್ದರೆ ಬಾಲಂಕ್ಯಾ, ಮೈತುಂಬ ಕಪ್ಪು ಮಚ್ಚೆಯಿದ್ದರೆ ಶೇವರಾ. ನಮ್ಮ ಸೀಮೆಯದೇ ತಳಿ ಅದು, ಕೊಟ್ಟಿಗೆಯಿಂದ ಕಡಿಮೆಯಾಗುತ್ತಿರುವುದು ಕಣ್ಣಿಗೆ ಕಾಣುತ್ತಿದೆ.

ಪುಸ್ತಕದ ಮಾತು. ಸಾಧನ ಇಲ್ಲ ಎಂಬ ಮಾತು ಭಾಲ್ಕಿಗೆ ಒಪ್ಪುವುದಿಲ್ಲ. ನಿಜಾಮರ ಕಾಲದಲ್ಲಿ ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದ ಚನ್ನಬಸವ ಪಟ್ಟದ್ದೇವರ ಊರು ಅದು. ಈಗ ಗ್ರಾಮ ಪಂಚಾಯಿತಿಯ ಅರಿವು ಕೇಂದ್ರಗಳಿವೆ, ಅಲ್ಲಿ ಕೇಳಿ ನೋಡಿ. ಶಿವರಾಮ ಕಾರಂತರು 1936ರಲ್ಲೇ ‘ಬಾಲ ಪ್ರಪಂಚ’ ಕೊಟ್ಟರು. ಪೂರ್ಣಚಂದ್ರ ತೇಜಸ್ವಿಯವರ ‘ಪರಿಸರದ ಕತೆ’ಯನ್ನು ಮಧ್ಯಾಹ್ನದ ಬಿಸಿಲಲ್ಲಿ ಪಡಸಾಲೆಯಲ್ಲಿ ಕೂತು ಒಬ್ಬರು ಓದಿ, ಉಳಿದವರು ಕೇಳಿದರೆ ಅದೇ ಒಂದು ಶಿಬಿರ. ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ ‘ಬಾಲವಿಜ್ಞಾನ’ದ ಹಳೆಯ ಸಂಚಿಕೆಗಳು ಅನೇಕ ಸಾಲಿಯ ಕಪಾಟುಗಳಲ್ಲಿ ಕಟ್ಟು ಬಿಚ್ಚದೆ ಕೂತಿವೆ. ಮೊಬೈಲ್ ಇದ್ದರೆ ಸ್ಟೋರಿವೀವರ್‌ನಲ್ಲಿ ಕನ್ನಡದ ಮಕ್ಕಳ ಪುಸ್ತಕಗಳು ಪುಕ್ಕಟೆ ಸಿಗುತ್ತವೆ. ಒಂದು ಮರವನ್ನು ಆರಿಸಿಕೊಂಡು ವಾರಕ್ಕೊಮ್ಮೆ ಅದರ ಚಿಗುರು, ಹೂ, ಕಾಯಿ ಬರೆದು ಕಳಿಸುವ ಸೀಸನ್‌ವಾಚ್ ಎಂಬ ಕೆಲಸದಲ್ಲಿ ಕೇರಳದ ಸಾಲಿ ಮಕ್ಕಳು ಬಹಳ ಮುಂದಿದ್ದಾರೆ. ನಮ್ಮ ಊರಿನ ಹುಣಸೆಯನ್ನೂ ಅದರಲ್ಲಿ ಬರೆಸಬಹುದು. ಆದರೆ ಮರ ಮೊದಲು, ಮೊಬೈಲ್ ಆಮೇಲೆ.

ಬೇಸಿಗೆಯ ಇನ್ನೊಂದು ಕೆಲಸ, ಹಕ್ಕಿಗೆ ಪರಟೆಯಲ್ಲಿ ನೀರಿಡುವುದು, ಈಗ ಎಲ್ಲರಿಗೂ ಗೊತ್ತು. ಎರಡು ದಿನಕ್ಕೊಮ್ಮೆ ಪರಟೆಯನ್ನು ತಿಕ್ಕಿ ತೊಳೆಯದಿದ್ದರೆ ಅದು ಸೊಳ್ಳೆಯ ತೊಟ್ಟಿಲಾಗುತ್ತದೆ ಎಂಬುದನ್ನು ಮಾತ್ರ ಮರೆಯಬಾರದು. ನೀರಿನ ನಡುವೆ ಒಂದು ಕಲ್ಲಿಟ್ಟರೆ ಜೇನ್ನೊಣ ಮುಳುಗುವುದಿಲ್ಲ.

ನೂರು ಬೀಜ, ಒಂದು ಗೋಣಿಚೀಲ

ರೋಹಿಣಿ ಕೂಡಿದ ದಿನ ಹುಡುಗಿಯ ಅಪ್ಪ ಮನೆಯಲ್ಲಿಟ್ಟಿದ್ದ ಸೋಯಾ ಚೀಲ ಬಿಚ್ಚಿದರು. ಸೋಯಾ ನಮ್ಮ ಜಿಲ್ಲೆಯ ಮುಖ್ಯ ಮುಂಗಾರು ಬೆಳೆ, ಅದರ ಬೀಜ ಮಾತ್ರ ಬಹಳ ನಾಜೂಕು. ಸಿಪ್ಪೆ ತೆಳು. ಮಷಿನ್ನಿನ ಪೆಟ್ಟಿಗೆ, ಚೀಲ ಎತ್ತಿ ಒಗೆದ ರಭಸಕ್ಕೆ ಒಳಗಿನ ಮೊಳಕೆ ಸಾಯುತ್ತದೆ, ಹೊರಗಿನಿಂದ ಏನೂ ತಿಳಿಯುವುದಿಲ್ಲ. ಹುಡುಗಿ ಆರಿಸದೆ, ಕೈಗೆ ಬಂದಂತೆ ನೂರು ಬೀಜ ತೆಗೆದಳು. ಒದ್ದೆ ಗೋಣಿಚೀಲವನ್ನು ಪಡಸಾಲೆಯಲ್ಲಿ ಹಾಸಿ, ಹತ್ತತ್ತರ ಹತ್ತು ಸಾಲು ಇಟ್ಟು, ಮೇಲೊಂದು ಒದ್ದೆ ಚೀಲ ಹೊದಿಸಿ, ಚಾಪೆಯಂತೆ ಸುತ್ತಿ ನೆರಳಿಗಿಟ್ಟಳು. ದಿನಕ್ಕೆ ಎರಡು ಸಲ ನೀರು ಚಿಮುಕಿಸುವ ಕೆಲಸ ತಮ್ಮನಿಗೆ.

ಏಳನೆಯ ದಿನ ಮನೆಯವರೆಲ್ಲ ಸುತ್ತ ಕೂತರು. ಅವಳು ಚೀಲ ಬಿಚ್ಚಿದಳು. ನೆಟ್ಟಗೆ ಬೆಳ್ಳಗೆ ಬೇರು ಬಿಟ್ಟವನ್ನು ಒಂದು ಕಡೆ, ಕೊಳೆತವನ್ನು, ಮುರುಟಿದವನ್ನು ಇನ್ನೊಂದು ಕಡೆ ಇಡುತ್ತ ಹೋದಳು. ಅಪ್ಪ ಬಾಗಿ ಬಾಗಿ ನೋಡುತ್ತಿದ್ದರು. ಅರವತ್ತೆರಡು.

ಬಿತ್ತನೆ ಸೋಯಾಕ್ಕೆ ಕನಿಷ್ಠ 70 ಹುಟ್ಟಬೇಕು ಎಂಬುದು ಬೀಜ ಪ್ರಮಾಣೀಕರಣದ ಮಾನದಂಡ. ಎಕರೆಗೆ 30 ಕಿಲೋ ಎಂದರೆ ಆ ಎಪ್ಪತ್ತರ ಲೆಕ್ಕ. ಅರವತ್ತೆರಡಕ್ಕೆ ಎಷ್ಟು? ಐದನೆತ್ತಿ ಗಣಿತ. ಮೂವತ್ತನ್ನು ಎಪ್ಪತ್ತರಿಂದ ಗುಣಿಸಿ ಅರವತ್ತೆರಡರಿಂದ ಭಾಗಿಸಿ, ವಹಿಯ ಅಂಚಿನಲ್ಲಿ ‘ಸುಮಾರು 34’ ಎಂದು ಬರೆದಳು. ಅಪ್ಪ ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡರು. ಆ ವರ್ಷ ಅವರು ಎಕರೆಗೆ 34 ಕಿಲೋ ಬಿತ್ತಿದರು.

ಮಳೆ ಅಳೆಯಲು ಮಾಳಿಗೆ ಮೇಲೆ ನೆಟ್ಟಗಿನ ತಗಡಿನ ಡಬ್ಬಿಯೊಂದನ್ನು ಇಟ್ಟಿದ್ದಳು. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಅವಳ ಮನೆಯ ಪತ್ರಾ 20 ಚದರ ಮೀಟರ್. ವರ್ಷಕ್ಕೆ 850 ಮಿಲಿಮೀಟರ್ ಎಂದು ಹಿಡಿದರೆ 17,000 ಲೀಟರ್. “ಇಷ್ಟ್ ನೀರ್ ನಮ್ ಪತ್ರಾದ ಮ್ಯಾಲಿಂದ ಸುಮ್ನ ಹರದು ಹೋಗ್ತಾವ?” ಎಂದು ಆಯಿ ಬಾಯಿಯ ಮೇಲೆ ಕೈಯಿಟ್ಟುಕೊಂಡರು. 2016ರ ಬರದಲ್ಲಿ ಗಡಿಯಾಚೆಯ ಲಾತೂರಿಗೆ ರೈಲಿನಲ್ಲಿ ನೀರು ಹೋದದ್ದನ್ನು ಕಂಡ ಜನ ನಾವು. ಲೆಕ್ಕ ಕೇಳಿದ ಮರುದಿನವೇ ಮನೆಯವರು ಪತ್ರಾದ ಅಂಚಿಗೆ ಒಂದು ಪೈಪ್ ಕಟ್ಟಿ ಡ್ರಮ್ಮಿಗೆ ಬಿಟ್ಟರು.

ಮಿರಗ ಕೂಡಿದ ಮೂರನೆಯ ದಿನ ರಾತ್ರಿ ಗುಡುಗು. ಮುಂಜಾನೆ ಡಬ್ಬಿಯಲ್ಲಿ 26 ಮಿಲಿಮೀಟರ್. ಸಾಲಿ ಶುರುವಾಗಿತ್ತು, ಆದರೂ ಗಂಟೆ ಹೊಡೆಯುವ ಮುಂಚೆ ಅವಳು ಮುತ್ಯಾನ ಕೈ ಹಿಡಿದು ಹೊಲಕ್ಕೆ ಓಡಿದಳು, ನಾನೂ ಹಿಂದೆ ಹೋದೆ. ಭರಣಿಯಲ್ಲಿ ದಂಟು ನುಂಗಿದ ಬಿರುಕಿನ ಬಾಯಿ ಮುಚ್ಚಿಕೊಂಡಿತ್ತು, ದಂಟು ಬೆರಳುದ್ದವೂ ಇಳಿಯಲಿಲ್ಲ. ಬಾವಿಗೆ ಹಗ್ಗ ಬಿಟ್ಟಳು. ಮೇ ಕೊನೆಯಲ್ಲಿ ಹದಿನೇಳು ಇತ್ತು. ಎಣಿಸಿದಳು, ಮತ್ತೊಮ್ಮೆ ಬಿಟ್ಟು ಎಣಿಸಿದಳು. ಹದಿನೇಳೇ.

“ಇಷ್ಟ್ ಮಳಿ ಬಂತಲ್ಲ ಮುತ್ಯಾ, ನೀರ್ ಯಾಕ ಏರಿಲ್ಲ?”

“ಮೊದಲ ಹೊಲ ಕುಡೀತದವ್ವಾ. ಹೊಲದ ಹೊಟ್ಟಿ ತುಂಬಿದ ಮ್ಯಾಲ ಬಾವಿಗಿ.”

ಅವಳು ಮುತ್ಯಾನ ಮಾತನ್ನು ಪುಟದ ತಲೆಯ ಮೇಲೆ ಬರೆದಳು. ಕೆಳಗೆ 26 ಮಿ.ಮೀ., ಬಿರುಕು ಇಲ್ಲ, ಗಂಟು 17. ಅದರ ಕೆಳಗೆ ಮುಂದಿನ ನಕ್ಷತ್ರ ಆರಿದ್ರಾದ ಹೆಸರು ಬರೆದು ಜಾಗ ಬಿಟ್ಟಳು.